ಬೊಲಾರ್‌ನಲ್ಲಿ ಒಂದು ಪಂದ್ಯ: ಲಾನ್ಸ್‌ಗೆ ಹೊರಡುವವರಿಗೆ ಮಾರ್ಗದರ್ಶಿ

ಉತ್ತರ ಫ್ರಾನ್ಸಿನ ಲಾನ್ಸ್ ಪಟ್ಟಣದ ಜನಸಂಖ್ಯೆ 32,000ದ ಆಸುಪಾಸಿನಲ್ಲಿದೆ. ಅದೇ ಪಟ್ಟಣದ ಬೊಲಾರ್-ಡೆಲೆಲಿಸ್ ಕ್ರೀಡಾಂಗಣದಲ್ಲಿ ಸುಮಾರು 38,000 ಮಂದಿಗೆ ಜಾಗವಿದೆ. ಅಲ್ಲಿ ಫುಟ್‌ಬಾಲ್ ಪಂದ್ಯ ನೋಡಬೇಕೆಂದು ಹೊರಡುವವರು ಟಿಕೆಟ್, ರೈಲು, ಕೊಠಡಿ, ಊಟ ಇವುಗಳಲ್ಲಿ ಯಾವುದರ ಬಗ್ಗೆ ಯೋಚಿಸುವಾಗಲೂ ಈ ಎರಡು ಸಂಖ್ಯೆಗಳನ್ನು ಮರೆಯಬಾರದು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿಕೊಂಡು ಬಂದರೂ ತುಂಬದ ಕ್ರೀಡಾಂಗಣವನ್ನು ಸುತ್ತಲಿನ ಗಣಿ ಪ್ರದೇಶದ ಹತ್ತಾರು ಊರುಗಳ ಜನ ಬಂದು ತುಂಬಿಸುತ್ತಾರೆ. ಆ ದಿನ ಊರಿನ ರಸ್ತೆ, ರೈಲು, ಹೋಟೆಲ್ ಯಾವುದೂ ಅಷ್ಟು ಜನರಿಗೆ ಸಾಲುವುದಿಲ್ಲ. ಆದ್ದರಿಂದ ದೊಡ್ಡ ನಗರದ ಕ್ರೀಡಾಂಗಣಕ್ಕೆ ಹೋದಂತೆ ಸಂಜೆ ಹೊರಟು ರಾತ್ರಿ ಮರಳುವ ಲೆಕ್ಕಾಚಾರ ಇಲ್ಲಿಗೆ ಒಗ್ಗುವುದಿಲ್ಲ. ಪ್ಯಾರಿಸ್, ಬ್ರಸೆಲ್ಸ್, ಲಂಡನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಲಾನ್ಸ್ ಒಂದು ವಾರಾಂತ್ಯದಲ್ಲಿ ಹೋಗಿಬರಬಹುದಾದ ದೂರದಲ್ಲಿದೆ. ಇಡೀ ಒಂದು ದಿನವನ್ನೂ ಆ ರಾತ್ರಿಯನ್ನೂ ಅದಕ್ಕೆಂದೇ ಮೀಸಲಿಟ್ಟು ಹೋಗಿ ಎಂಬುದು ನನ್ನ ಮೊದಲ ಸಲಹೆ.

ಮೊದಲು ಕ್ರೀಡಾಂಗಣದ ಹಿನ್ನೆಲೆ ತಿಳಿದುಕೊಳ್ಳಿ

ಇದು ರೇಸಿಂಗ್ ಕ್ಲಬ್ ದ ಲಾನ್ಸ್ ತಂಡದ ತವರು ಅಂಗಳ. ಕ್ಲಬ್ ಹುಟ್ಟಿದ್ದು 1906ರಲ್ಲಿ. ಅದೇ ವರ್ಷದ ಮಾರ್ಚ್ 10ರಂದು ಲಾನ್ಸ್‌ನ ನೆರೆಯ ಕೂರಿಯೇರ್ ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 1,099 ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದರು. ಕಲ್ಲಿದ್ದಲು ಈ ನೆಲದ ಅನ್ನವೂ ಆಗಿತ್ತು, ಸಾವೂ ಆಗಿತ್ತು. ಕ್ರೀಡಾಂಗಣವನ್ನು ಕಟ್ಟಿಸಿದ್ದು ಲಾನ್ಸ್‌ನ ಗಣಿ ಕಂಪನಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಗಣಿ ಕಾರ್ಮಿಕರೇ ಅದನ್ನು ಕಟ್ಟಿದರು. 1933ರಲ್ಲಿ ಉದ್ಘಾಟನೆಯಾದ ಅದಕ್ಕೆ ಕಂಪನಿಯ ವಾಣಿಜ್ಯ ನಿರ್ದೇಶಕರಾಗಿದ್ದ, ಕಾರ್ಮಿಕರ ನಡುವೆ ಕ್ರೀಡೆಯನ್ನು ಬೆಳೆಸಿದ ಫೆಲಿಕ್ಸ್ ಬೊಲಾರ್ ಅವರ ಹೆಸರನ್ನಿಡಲಾಯಿತು. 1969ರಲ್ಲಿ ಗಣಿ ಸಂಸ್ಥೆ ಕೈಬಿಟ್ಟಾಗ ಕ್ಲಬ್ ತನ್ನ ವೃತ್ತಿಪರ ಸ್ಥಾನವನ್ನೇ ಬಿಟ್ಟುಕೊಡಬೇಕಾಯಿತು. ಆಗ ನಗರಸಭೆಯನ್ನು ಅದರ ಬೆನ್ನಿಗೆ ನಿಲ್ಲಿಸಿದವರು 1966ರಿಂದ 1998ರವರೆಗೆ ಮೇಯರ್ ಆಗಿದ್ದ ಆಂದ್ರೆ ಡೆಲೆಲಿಸ್. 2012ರಲ್ಲಿ ಅವರು ತೀರಿಕೊಂಡ ಮೇಲೆ ಕ್ರೀಡಾಂಗಣದ ಹೆಸರಿಗೆ ಅವರ ಹೆಸರೂ ಸೇರಿತು. ಆದರೂ ಊರವರ ಬಾಯಲ್ಲಿ ಅದು ಇಂದಿಗೂ ಬರಿಯ ಬೊಲಾರ್. ದಾರಿ ಕೇಳುವಾಗ ನೀವೂ ಅಷ್ಟೇ ಹೇಳಿದರೆ ಸಾಕು.

ಈ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ 1990ರ ಡಿಸೆಂಬರಿನಲ್ಲಿ ಮುಚ್ಚಿತು. ಗಣಿ ಹೋದರೂ ಜನ ಕ್ರೀಡಾಂಗಣವನ್ನು ಬಿಡಲಿಲ್ಲ. 1992ರಲ್ಲಿ ಮಾರ್ಸೇ ತಂಡದ ವಿರುದ್ಧದ ಪಂದ್ಯಕ್ಕೆ 48,912 ಮಂದಿ ಸೇರಿದ್ದು ಇಲ್ಲಿನ ದಾಖಲೆ. ನಿಂತು ನೋಡುವ ಅವಕಾಶ ಹೆಚ್ಚಿದ್ದ ಆ ಕಾಲದ ಸಂಖ್ಯೆಯನ್ನು ಈಗಿನ ವ್ಯವಸ್ಥೆಯಲ್ಲಿ ಮುಟ್ಟುವಂತಿಲ್ಲ. 1998ರಲ್ಲಿ ಲಾನ್ಸ್ ತಂಡ ಮೆಟ್ಸ್ ತಂಡದಷ್ಟೇ ಅಂಕ ಗಳಿಸಿ, ಗೋಲುಗಳ ಅಂತರದಿಂದ ಫ್ರಾನ್ಸಿನ ಚಾಂಪಿಯನ್ ಆಯಿತು. ಅದೇ ಬೇಸಿಗೆಯ ವಿಶ್ವಕಪ್‌ನಲ್ಲಿ ಪರಾಗ್ವೆ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಫ್ರಾನ್ಸಿನ ಲೊರಾಂ ಬ್ಲಾಂ ಹೊಡೆದ ಗೋಲು, ವಿಶ್ವಕಪ್ ಇತಿಹಾಸದ ಮೊದಲ ಗೋಲ್ಡನ್ ಗೋಲ್ (ಬಿದ್ದೊಡನೆ ಪಂದ್ಯವನ್ನೇ ಮುಗಿಸುವ ಗೋಲು), ಬಿದ್ದದ್ದು ಇದೇ ಅಂಗಳದಲ್ಲಿ. 2015ರಿಂದ 2020ರವರೆಗೆ ಎರಡನೆಯ ದರ್ಜೆಯಲ್ಲಿ ಆಡುತ್ತಿದ್ದಾಗಲೂ ತಂಡಕ್ಕೆ ಪ್ರೇಕ್ಷಕರ ಕೊರತೆ ಬರಲಿಲ್ಲ. ನನ್ನ ಮಟ್ಟಿಗೆ ಟ್ರೋಫಿಗಳಿಗಿಂತ ಈ ಐದು ವರ್ಷಗಳೇ ಬೊಲಾರ್ ಏನೆಂಬುದನ್ನು ಚೆನ್ನಾಗಿ ಹೇಳುತ್ತವೆ.

ಪಂದ್ಯವನ್ನು ಆರಿಸಿಕೊಳ್ಳುವುದು

ಫ್ರೆಂಚ್ ಲೀಗಿನ ಋತು ಆಗಸ್ಟಿನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಬೇಸಿಗೆಯಲ್ಲಿ ಪ್ರಕಟವಾಗುವ ಪಂದ್ಯಗಳ ಪಟ್ಟಿಯನ್ನು ನೋಡಿ ತಕ್ಷಣ ಪ್ರಯಾಣದ ಟಿಕೆಟ್‌ಗಳನ್ನು ಕಾಯ್ದಿರಿಸಬೇಡಿ. ಅದರಲ್ಲಿ ಪಂದ್ಯ ಯಾವ ವಾರಾಂತ್ಯದಲ್ಲಿ ಎಂಬುದಷ್ಟೇ ಖಚಿತ. ಶುಕ್ರವಾರ ರಾತ್ರಿಯೋ ಶನಿವಾರವೋ ಭಾನುವಾರವೋ, ಎಷ್ಟು ಗಂಟೆಗೆ ಎಂಬುದು ದೂರದರ್ಶನ ಪ್ರಸಾರದ ಅನುಕೂಲ ನೋಡಿಕೊಂಡು ಕೆಲವೇ ವಾರಗಳ ಮೊದಲು ನಿರ್ಧಾರವಾಗುತ್ತದೆ. ಭಾರತದಿಂದಲೇ ಬರುವವರು ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಪಂದ್ಯದ ವಾರಾಂತ್ಯದ ಹಿಂದೆಯೂ ಮುಂದೆಯೂ ಕೆಲವು ದಿನಗಳ ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು. ಈ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಸಲ್ಲಿಸಬಹುದು; ಕೊನೆಯ ಹದಿನೈದು ದಿನಗಳವರೆಗೆ ಬಿಟ್ಟುಕೊಳ್ಳಬಾರದು. ಬ್ರಿಟನ್ನಿನಲ್ಲಿ ನೆಲೆಸಿರುವವರೂ ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದರೆ ಅವರಿಗೆ ಈ ವೀಸಾ ಬೇಕೇಬೇಕು.

ಮೊದಲ ಸಲ ಹೋಗುವವರು ಲಿಲ್ ತಂಡದ ವಿರುದ್ಧದ ಪಂದ್ಯಕ್ಕೋ, ಪ್ಯಾರಿಸ್ ಅಥವಾ ಮಾರ್ಸೇ ತಂಡ ಬರುವ ದಿನಕ್ಕೋ ಆಸೆಪಡುವುದು ಸಹಜ. ಲಿಲ್ ಮತ್ತು ಲಾನ್ಸ್ ನಡುವಿನ ಅಂತರ ನಲವತ್ತು ಕಿಲೋಮೀಟರಿಗಿಂತ ಕಡಿಮೆ. ಆದರೆ ಒಂದು ವ್ಯಾಪಾರಿಗಳ ದೊಡ್ಡ ನಗರ, ಇನ್ನೊಂದು ಗಣಿ ಕಾರ್ಮಿಕರ ಪಟ್ಟಣವಾದ್ದರಿಂದ ಪೈಪೋಟಿ ತೀವ್ರವಾಗಿದೆ. ಅಂಥ ಪಂದ್ಯಗಳ ಟಿಕೆಟ್ ಸದಸ್ಯರ ಕೈದಾಟಿ ಹೊರಗಿನವರಿಗೆ ಸಿಗುವುದೇ ಅಪರೂಪ, ಪೊಲೀಸ್ ಬಿಗಿಯೂ ಹೆಚ್ಚು. ಅಂಕಪಟ್ಟಿಯ ಮಧ್ಯದಲ್ಲಿರುವ ಯಾವುದಾದರೂ ತಂಡ, ಶನಿವಾರ ಅಥವಾ ಭಾನುವಾರದ ಹಗಲಿನ ಆಟ, ಸೆಪ್ಟೆಂಬರ್ ಅಥವಾ ಏಪ್ರಿಲ್‌ನ ಹವಾಮಾನ: ಈ ಮೂರೂ ಕೂಡಿಬಂದರೆ ಅದಕ್ಕಿಂತ ಒಳ್ಳೆಯ ಮೊದಲ ಭೇಟಿ ಇನ್ನೊಂದಿಲ್ಲ. ಎದುರಾಳಿ ಯಾರೇ ಆಗಿರಲಿ, ಹಾಡುವ ಜನ ಅವರೇ.

ಟಿಕೆಟ್ ಮತ್ತು ಆಸನ

ಟಿಕೆಟನ್ನು ಕ್ಲಬ್ಬಿನ ಅಧಿಕೃತ ಜಾಲತಾಣದಲ್ಲಿಯೇ ಖರೀದಿಸಿ. ಮಾರಾಟ ಮೊದಲು ಋತುಚೀಟಿ (ಇಡೀ ಋತುವಿನ ಟಿಕೆಟ್) ಹೊಂದಿದವರಿಗೆ ಮತ್ತು ಸದಸ್ಯರಿಗೆ, ಆಮೇಲೆ ಉಳಿದವರಿಗೆ ತೆರೆಯುತ್ತದೆ. ಆದ್ದರಿಂದ ಮುಂಚಿತವಾಗಿಯೇ ಖಾತೆ ತೆರೆದಿಟ್ಟುಕೊಂಡು, ಮಾರಾಟ ಆರಂಭವಾಗುವ ದಿನವನ್ನು ಗುರುತು ಹಾಕಿಕೊಳ್ಳಬೇಕು. ಎಲ್ಲ ಮಾರಾಟವಾಗಿದೆ ಎಂದು ಕಂಡರೂ ನಿರಾಶರಾಗಬೇಕಿಲ್ಲ. ಬರಲಾಗದ ಋತುಚೀಟಿದಾರರು ತಮ್ಮ ಜಾಗವನ್ನು ಕ್ಲಬ್ಬಿನ ಮೂಲಕವೇ ಮರುಮಾರಾಟಕ್ಕೆ ಬಿಡುವುದುಂಟು, ಪಂದ್ಯದ ಹಿಂದಿನ ಕೆಲವು ದಿನಗಳಲ್ಲಿ ಮತ್ತೆ ಮತ್ತೆ ನೋಡುತ್ತಿದ್ದರೆ ಒಂದೆರಡು ಆಸನ ಸಿಗಬಹುದು. ಸಾಮಾಜಿಕ ಜಾಲತಾಣಗಳಲ್ಲಿ ಅಪರಿಚಿತರು ಮಾರುವ ಟಿಕೆಟ್‌ಗೆ ಕೈಹಾಕಬೇಡಿ. ಆಯೋಜಕರ ಅನುಮತಿಯಿಲ್ಲದೆ ಇಂಥ ಮಾರಾಟವನ್ನು ದಂಧೆಯಾಗಿ ನಡೆಸುವುದು ಫ್ರಾನ್ಸಿನಲ್ಲಿ 2012ರಿಂದ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಒಂದೇ ಟಿಕೆಟನ್ನು ಹಲವರಿಗೆ ಮಾರಿದ್ದರೆ ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರಿಗೆ ಮಾತ್ರ ಪ್ರವೇಶ ಸಿಗುತ್ತದೆ.

ಆಸನದ ಆಯ್ಕೆಯಲ್ಲಿ ಸ್ವಲ್ಪ ಸಮಯ ಕಳೆಯುವುದು ಸಾರ್ಥಕ. ಬೊಲಾರ್‌ನಲ್ಲಿ ನಾಲ್ಕು ಸ್ಟ್ಯಾಂಡ್‌ಗಳಿವೆ: ಮಾರೆಕ್-ಗ್ಸೆರ್ಸೆಸ್, ಟ್ರಾನಾಂ, ಡೆಲಾಕೂರ್, ಲೆಪಾನ್ಯೊ. ಸುತ್ತ ಓಟದ ಪಥವಿಲ್ಲ. ಇಂಗ್ಲೆಂಡಿನ ಹಳೆಯ ಮೈದಾನಗಳಂತೆ ಸ್ಟ್ಯಾಂಡ್‌ಗಳು ಅಂಗಳಕ್ಕೆ ಅಂಟಿಕೊಂಡಂತೆ ಎದ್ದುನಿಂತಿರುವುದರಿಂದ ಆಟ ಸರಿಯಾಗಿ ಕಾಣದಷ್ಟು ದೂರದ ಜಾಗ ಎಂಬುದು ಹೆಚ್ಚುಕಡಿಮೆ ಇಲ್ಲ. ಬೇರೆ ಊರುಗಳಲ್ಲಿ ಕಟ್ಟಾ ಅಭಿಮಾನಿಗಳ ಗುಂಪು ಗೋಲ್ ಕಂಬಗಳ ಹಿಂದಿರುತ್ತದೆ. ಇಲ್ಲಿ ಹಾಗಲ್ಲ. ಅಂಗಳದ ಉದ್ದದ ಬದಿಯಲ್ಲಿರುವ ಮಾರೆಕ್ ಅವರ ನೆಲೆ. ಧ್ವಜ, ಡೋಲು, ಹಾಡು ಎಲ್ಲವೂ ಅಲ್ಲಿಂದಲೇ ಆರಂಭ. ಆ ಸ್ಟ್ಯಾಂಡಿನ ಜೋಡಿ ಹೆಸರಿನಲ್ಲೇ ಊರಿನ ಚರಿತ್ರೆಯ ತುಣುಕೊಂದಿದೆ: ಆಂಟನ್ ಮಾರೆಕ್ ಆಸ್ಟ್ರಿಯಾದಿಂದ ಬಂದು ಇಲ್ಲಿ ಆಡಿ, ಮುಂದೆ ತರಬೇತುದಾರರೂ ಆದವರು, ಗ್ಸೆರ್ಸೆಸ್ ಲೂಯಿ ಮಾರ್ಟಿನೀಕ್ ದ್ವೀಪದವರು, 1950ರ ದಶಕದಲ್ಲಿ ಲಾನ್ಸ್‌ಗೂ ಫ್ರಾನ್ಸಿಗೂ ಆಡಿದವರು. ಪೋಲೆಂಡಿನಿಂದ ಗಣಿ ಕೆಲಸಕ್ಕೆ ಬಂದ ಸಾವಿರಾರು ಕುಟುಂಬಗಳ ಮಕ್ಕಳೂ ಈ ತಂಡಕ್ಕೆ ಆಡಿ ಬೆಳೆಸಿದ್ದಾರೆ.

ಮಾರೆಕ್‌ನ ಕೆಳಭಾಗದಲ್ಲಿ ಪಂದ್ಯ ಮುಗಿಯುವವರೆಗೂ ಜನ ನಿಂತೇ ಇರುತ್ತಾರೆ, ಮುಂದೆ ಬೀಸುವ ಬಾವುಟಗಳಿಂದ ಆಟ ಆಗಾಗ ಮರೆಯಾಗುತ್ತದೆ. ಸುಮ್ಮನೆ ಕೈಕಟ್ಟಿ ನೋಡುವವರಿಗೆ, ಮೊಬೈಲಿನಲ್ಲಿ ಚಿತ್ರೀಕರಿಸುತ್ತಾ ನಿಲ್ಲುವವರಿಗೆ ಅದು ತಕ್ಕ ಜಾಗವಲ್ಲ. ಮೊದಲ ಸಲ ಹೋಗುವವರು, ಅದರಲ್ಲೂ ಮಕ್ಕಳನ್ನೋ ಹಿರಿಯರನ್ನೋ ಕರೆದುಕೊಂಡು ಹೋಗುವವರು, ಎದುರು ಬದಿಯ ಉದ್ದನೆಯ ಸ್ಟ್ಯಾಂಡಿನಲ್ಲಿ ತುಸು ಮೇಲಿನ ಸಾಲನ್ನು ಆರಿಸಿಕೊಳ್ಳಲಿ. ಅಲ್ಲಿಂದ ಆಟ ಪೂರ್ತಿಯಾಗಿ ಕಾಣುತ್ತದೆ, ಮಾರೆಕ್ ಸ್ಟ್ಯಾಂಡ್ ಕಣ್ಣೆದುರಿಗೇ ಇರುತ್ತದೆ. ಹಣ ಉಳಿಸಬೇಕೆನ್ನುವವರಿಗೆ ಗೋಲಿನ ಹಿಂದಿನ ಸ್ಟ್ಯಾಂಡ್‌ಗಳಿವೆ. ಕಾಯ್ದಿರಿಸುವಾಗ ನಕ್ಷೆಯಲ್ಲಿ ಅತಿಥಿ ತಂಡದ ಅಭಿಮಾನಿಗಳಿಗೆ ಮೀಸಲಾದ ಭಾಗವನ್ನು ಮಾತ್ರ ಗುರುತಿಸಿಕೊಂಡು ಅದರಿಂದ ದೂರವಿರಿ.

ಮರಳುವ ದಾರಿಯನ್ನು ಮೊದಲು ಗೊತ್ತುಮಾಡಿಕೊಳ್ಳಿ

ಹೋಗುವುದು ಸುಲಭ. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ನೇರ ಟಿಜಿವಿ ರೈಲು ಹಿಡಿದರೆ ಸುಮಾರು ಒಂದೂಕಾಲು ಗಂಟೆ. ನೇರ ರೈಲು ಸಿಗದಿದ್ದರೆ ಆರಾಸ್‌ನಲ್ಲಿ ಇಳಿದು ಟಿಇಆರ್ ಎಂಬ ಪ್ರಾದೇಶಿಕ ರೈಲಿಗೆ ಬದಲಾಯಿಸಿಕೊಂಡರಾಯಿತು. ಲಂಡನ್ ಅಥವಾ ಬ್ರಸೆಲ್ಸ್‌ನಿಂದ ಬರುವವರು ಲಿಲ್ ಯುರೋಪ್ ನಿಲ್ದಾಣದಲ್ಲಿ ಇಳಿದು, ಹತ್ತು ನಿಮಿಷದೊಳಗೆ ನಡೆದು ತಲುಪಬಹುದಾದ ಲಿಲ್ ಫ್ಲಾಂಡರ್ ನಿಲ್ದಾಣದಿಂದ ಟಿಇಆರ್ ಹಿಡಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಲಾನ್ಸ್‌ನಲ್ಲಿರುತ್ತಾರೆ.

ಕಷ್ಟವಿರುವುದು ರಾತ್ರಿಯಲ್ಲಿ. ರಾತ್ರಿ 8.45ಕ್ಕೆ ಆರಂಭವಾಗುವ ಪಂದ್ಯ ಮುಗಿಯುವಾಗ 10.40 ದಾಟಿರುತ್ತದೆ, ಕ್ರೀಡಾಂಗಣದಿಂದ ಹೊರಬಂದು ನಿಲ್ದಾಣ ಸೇರುವಷ್ಟರಲ್ಲಿ ಇನ್ನೂ ಅರ್ಧ ಗಂಟೆ. ಆ ಹೊತ್ತಿಗೆ ಪ್ಯಾರಿಸ್‌ಗೆ ರೈಲು ಇರುವುದಿಲ್ಲ, ಲಿಲ್‌ಗೂ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಪಂದ್ಯಗಳಿಗೆ ವಿಶೇಷ ರೈಲು ಬಿಡುವುದುಂಟು, ಆದರೆ ಪ್ರತಿ ಬಾರಿಯೂ ಆ ದಿನದ ವೇಳಾಪಟ್ಟಿಯಲ್ಲಿ ಕಣ್ಣಾರೆ ಕಂಡ ಮೇಲೆಯೇ ಅದನ್ನು ನಂಬಬೇಕು. ಹಾಗಾಗಿ ರಾತ್ರಿ ಪಂದ್ಯವಾದರೆ ಟಿಕೆಟ್ ಸಿಕ್ಕ ಗಳಿಗೆಯಲ್ಲೇ ಲಾನ್ಸ್‌ನಲ್ಲಿ ಕೊಠಡಿ ಹುಡುಕಿ. ಊರಿನಲ್ಲಿ ಹೋಟೆಲ್‌ಗಳು ಕಡಿಮೆ, ಬೇಗ ತುಂಬುತ್ತವೆ. ಲೂವ್ರ್-ಲಾನ್ಸ್ ವಸ್ತುಸಂಗ್ರಹಾಲಯದ ಎದುರಿಗೆ ಗಣಿ ಕಾರ್ಮಿಕರ ಹಳೆಯ ಇಟ್ಟಿಗೆ ಮನೆಗಳ ಸಾಲನ್ನೇ ನವೀಕರಿಸಿ ಮಾಡಿರುವ ಹೋಟೆಲೊಂದಿದೆ. ಕ್ರೀಡಾಂಗಣದಿಂದ ನಡೆದೇ ಹೋಗಬಹುದಾದ ಅದರಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ಲಾನ್ಸ್‌ನಲ್ಲಿ ಸಿಗದಿದ್ದರೆ ಆರಾಸ್ ಅಥವಾ ಲಿಲ್‌ನಲ್ಲಿ ಉಳಿಯಬಹುದು, ಆದರೆ ಆಗ ರಾತ್ರಿ ಹಿಂದಿರುಗಲು ಕಾರು ಬೇಕಾಗುತ್ತದೆ. ಕಾರಿನಲ್ಲಿ ಬರುವವರಿಗೆ ಊರಿನ ಪಕ್ಕದಲ್ಲೇ ಎ21 ಹೆದ್ದಾರಿ ಹಾದುಹೋಗುತ್ತದೆ. ಕ್ರೀಡಾಂಗಣದ ಪಕ್ಕಕ್ಕೇ ಕಾರನ್ನು ತರುವ ಹಟ ಬಿಟ್ಟು, ಒಂದೆರಡು ಕಿಲೋಮೀಟರ್ ಆಚೆ ಹೆದ್ದಾರಿಯ ದಿಕ್ಕಿಗೆ ನಿಲ್ಲಿಸಿ ನಡೆದರೆ ಹೊರಡುವಾಗ ಒಂದು ಗಂಟೆ ಉಳಿಯುತ್ತದೆ.

ಪಂದ್ಯದ ದಿನ ಊರಿನಲ್ಲಿ

ಬೆಳಿಗ್ಗೆಯೇ ಬಂದಿಳಿಯಿರಿ. ರೈಲಿನಿಂದ ಇಳಿದವರು ನಿಲ್ದಾಣದಿಂದ ತುಸು ದೂರ ಹೋಗಿ ಒಮ್ಮೆ ತಿರುಗಿ ನೋಡಬೇಕು. ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ಊರನ್ನು ಮತ್ತೆ ಕಟ್ಟುವಾಗ, 1920ರ ದಶಕದಲ್ಲಿ ವಾಸ್ತುಶಿಲ್ಪಿ ಉರ್ಬ್ಯಾಂ ಕಸಾಂ ಈ ನಿಲ್ದಾಣವನ್ನು ಉಗಿಬಂಡಿಯ ಆಕಾರದಲ್ಲಿ ರೂಪಿಸಿದರು. ಗಡಿಯಾರದ ಗೋಪುರವೇ ಅದರ ಹೊಗೆಕೊಳವೆ. ಒಳಗಿನ ಗೋಡೆಗಳಲ್ಲಿ ಗಣಿ ಜೀವನದ ಮೊಸಾಯಿಕ್ ಚಿತ್ರಗಳಿವೆ. ಅಲ್ಲಿಂದ ಕ್ರೀಡಾಂಗಣ ವಾಯವ್ಯಕ್ಕೆ ಸುಮಾರು ಒಂದು ಕಿಲೋಮೀಟರ್, ಹದಿನೈದು ನಿಮಿಷದ ನಡಿಗೆ. ನಕ್ಷೆ ನೋಡುವ ಅಗತ್ಯವೂ ಬೀಳದು, ಕೆಂಪು ಹಳದಿ ಸ್ಕಾರ್ಫ್ ಹಾಕಿಕೊಂಡವರ ಹಿಂದೆ ನಡೆದರೆ ಸಾಕು.

ಕ್ರೀಡಾಂಗಣ ದಾಟಿ ಪಶ್ಚಿಮಕ್ಕೆ ಇನ್ನೊಂದು ಹದಿನೈದು ನಿಮಿಷ ನಡೆದರೆ ಲೂವ್ರ್-ಲಾನ್ಸ್. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದ ಈ ಶಾಖೆ ಮುಚ್ಚಿಹೋಗಿದ್ದ ಗಣಿಯೊಂದರ ನೆಲದ ಮೇಲೆಯೇ 2012ರ ಡಿಸೆಂಬರಿನಲ್ಲಿ ತೆರೆಯಿತು. ವಿನ್ಯಾಸ ಜಪಾನಿನ ಸಾನಾ ಸಂಸ್ಥೆಯದು. ಗಾಜು ಮತ್ತು ಅಲ್ಯುಮಿನಿಯಮ್ಮಿನ ತಗ್ಗು ಕಟ್ಟಡದೊಳಗೆ ‘ಕಾಲದ ಗ್ಯಾಲರಿ’ ಎಂಬ ಒಂದೇ ಉದ್ದನೆಯ ಕೋಣೆಯಿದೆ, ಅದಕ್ಕೆ ಪ್ರವೇಶ ಉಚಿತ. ಪಂದ್ಯದ ಮೊದಲಿನ ಎರಡು ಗಂಟೆಗಳನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು. ಮಂಗಳವಾರ ಮಾತ್ರ ಅದಕ್ಕೆ ರಜೆ. ಕಾಲುಗಳಲ್ಲಿ ಶಕ್ತಿಯಿದ್ದವರು ನೆರೆಯ ಲೋಸ್-ಆಂ-ಗೊಯೆಲ್‌ನ ಜೋಡಿ ಗುಡ್ಡಗಳನ್ನೂ ಹತ್ತಬಹುದು. ದೂರದಿಂದ ಬೆಟ್ಟಗಳಂತೆ ಕಾಣುವ ಅವು ಗಣಿಯಿಂದ ತೆಗೆದು ಸುರಿದ ಕಲ್ಲುಮಣ್ಣಿನ ಕಪ್ಪು ರಾಶಿಗಳು. 2012ರಲ್ಲಿ ಈ ಗಣಿ ಪ್ರದೇಶ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮೇಲೆ ಗಾಳಿ ಜೋರು. ಅಲ್ಲಿಂದ ಕ್ರೀಡಾಂಗಣ, ಇಟ್ಟಿಗೆ ಮನೆಗಳ ಸಾಲುಗಳು, ಊರು ಎಲ್ಲ ಒಟ್ಟಿಗೆ ಕಾಣುತ್ತವೆ. ಮಳೆ ಬಂದ ಮೇಲೆ ದಾರಿ ಜಾರುತ್ತದೆ, ಗಟ್ಟಿ ಹಿಡಿತದ ಶೂ ಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಈ ಸೀಮೆಯ ತಿನಿಸೆಂದರೆ ರಸ್ತೆಬದಿಯ ಗಾಡಿಗಳಲ್ಲಿ ಮಾರುವ ಬಿಸಿ ಆಲೂಗಡ್ಡೆ ಫ್ರೈ. ಪಂದ್ಯದ ದಿನ ಕ್ರೀಡಾಂಗಣದ ಸುತ್ತ ಅವುಗಳ ಮುಂದೆ ಉದ್ದ ಸಾಲು. ನೋಡಲು ಬರೀ ಆಲೂಗಡ್ಡೆ, ಆದರೆ ಸಾಂಪ್ರದಾಯಿಕವಾಗಿ ಇಲ್ಲಿ ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ. ‘ಉಯಿಲ್ ವೆಜೆತಾಲ್?’ ಎಂದು ಕೇಳಿದರೆ ಸಸ್ಯದ ಎಣ್ಣೆಯೋ ಅಲ್ಲವೋ ಎಂಬುದನ್ನು ಅವರು ಹೇಳುತ್ತಾರೆ. ಅದು ಸಸ್ಯದ ಎಣ್ಣೆಯೇ ಆಗಿದ್ದರೂ ಅದೇ ಬಾಣಲೆಯಲ್ಲಿ ಫ್ರಿಕಾಡೆಲ್ ಎಂಬ ಮಾಂಸದ ತುಂಡುಗಳನ್ನೂ ಕರಿದಿರಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಬೇಕರಿಯಿಂದ ಬ್ರೆಡ್ಡು, ಹಣ್ಣು ಕೊಂಡು ಹೊರಗೆ ಉಂಡು ಒಳಗೆ ಹೋಗುವುದೇ ಕ್ಷೇಮ.

ಗೇಟಿನಿಂದ ಕೊನೆಯ ಸೀಟಿಯವರೆಗೆ

ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು ಗೇಟಿನ ಬಳಿ ಇರಿ. ಟಿಕೆಟ್ಟಿನಲ್ಲಿ ಸ್ಟ್ಯಾಂಡು, ಗೇಟು, ಸಾಲು, ಆಸನ ಎಲ್ಲವೂ ನಮೂದಾಗಿರುತ್ತದೆ. ತಪ್ಪು ಬದಿಗೆ ಹೋದರೆ ಇಡೀ ಕ್ರೀಡಾಂಗಣವನ್ನು ಸುತ್ತಿ ಬರಬೇಕಾಗುತ್ತದೆ. ಮೊಬೈಲಿನಲ್ಲಿರುವ ಟಿಕೆಟನ್ನು ಕೊಠಡಿಯಿಂದ ಹೊರಡುವ ಮೊದಲೇ ತೆರೆದು ಉಳಿಸಿಕೊಳ್ಳಿ, ಏಕೆಂದರೆ ಸಾವಿರಾರು ಫೋನುಗಳು ಒಂದೆಡೆ ಸೇರಿದಾಗ ನೆಟ್‌ವರ್ಕ್ ನಿಧಾನವಾಗುತ್ತದೆ. ಮೈತಪಾಸಣೆ ಕಡ್ಡಾಯ. ದೊಡ್ಡ ಬ್ಯಾಗು, ಗಾಜಿನ ಬಾಟಲಿ, ಹೆಲ್ಮೆಟ್ ತರಬೇಡಿ. ಪಟಾಕಿ ಮತ್ತು ಹೊಗೆಬತ್ತಿಗಳನ್ನು ಒಳಗೆ ಒಯ್ಯುವುದು ಕಾನೂನಿನ ಪ್ರಕಾರ ಅಪರಾಧ. ಗುರುತಿನ ಚೀಟಿಯಾಗಿ ಪಾಸ್‌ಪೋರ್ಟ್ ಅಥವಾ ನಿವಾಸದ ಕಾರ್ಡು ಜೊತೆಗಿರಲಿ. ಫ್ರಾನ್ಸಿನ 1991ರ ಎವಾಂ ಕಾನೂನಿನಿಂದಾಗಿ ಸಾಮಾನ್ಯ ಸ್ಟ್ಯಾಂಡ್‌ಗಳಲ್ಲಿ ಮದ್ಯ ಮಾರುವಂತಿಲ್ಲ, ಒಳಗೆ ಸಿಗುವ ಬಿಯರ್ ಮದ್ಯರಹಿತ. ಕುಟುಂಬ ಸಮೇತ ಹೋಗುವವರಿಗೆ ಇದೊಂದು ಅನುಕೂಲ.

ಬಟ್ಟೆಯ ಬಗ್ಗೆ ಎರಡು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಸಂಜೆಯ ಚಳಿಯಲ್ಲಿ ಎರಡು ಗಂಟೆ ಅಲುಗಾಡದೆ ಕೂರಬೇಕಾಗುತ್ತದೆ. ಒಳಗೊಂದು ಉಣ್ಣೆಯ ಅಂಗಿ, ದಪ್ಪ ಕಾಲುಚೀಲ, ಟೋಪಿ ಬೇಕೇಬೇಕು. ಸ್ಟ್ಯಾಂಡ್‌ಗಳಿಗೆ ಛಾವಣಿಯಿದ್ದರೂ ಗಾಳಿಗೆ ಓರೆಯಾಗಿ ಬೀಳುವ ಮಳೆ ಮುಂದಿನ ಸಾಲುಗಳನ್ನು ತೋಯಿಸುತ್ತದೆ. ಎದುರಾಳಿ ತಂಡದ ಬಣ್ಣವನ್ನು ಮಾತ್ರ ಧರಿಸಬೇಡಿ. ಲಾನ್ಸ್‌ನ ಬಣ್ಣ ಕೆಂಪು ಮತ್ತು ಹಳದಿ. ಅವರು ಅದನ್ನು ‘ಸಾಂಗ್ ಎ ಓರ್’, ರಕ್ತ ಮತ್ತು ಚಿನ್ನ, ಎನ್ನುತ್ತಾರೆ. ಕನ್ನಡಿಗರಿಗೆ ಆ ಬಣ್ಣಗಳ ಸ್ಕಾರ್ಫ್ ಕೊರಳಿಗೆ ಹಾಕಿಕೊಳ್ಳಲು ಬೇರೆ ಕಾರಣ ಬೇಕಿಲ್ಲ.

ವಿರಾಮದ ಹದಿನೈದು ನಿಮಿಷದಲ್ಲಿ ತಿಂಡಿಗೆಂದು ಹೋದವರು ತಡಮಾಡದೆ ಹಿಂದಿರುಗಬೇಕು. ಈ ಲೇಖನದ ಬೇರಾವ ಸಲಹೆಯನ್ನು ಮರೆತರೂ ಇದನ್ನು ಮರೆಯಬೇಡಿ. ಆಟಗಾರರು ದ್ವಿತೀಯಾರ್ಧಕ್ಕೆ ಮರಳುವ ಹೊತ್ತಿಗೆ ಪಿಯೇರ್ ಬಾಶ್ಲೆ 1982ರಲ್ಲಿ ಹಾಡಿದ ‘ಲೇ ಕೊರೋಂ’ ಹಾಡನ್ನು ಇಡೀ ಕ್ರೀಡಾಂಗಣ ಹಾಡುತ್ತದೆ. ಗಣಿ ಕಾರ್ಮಿಕರ ಮನೆಸಾಲುಗಳನ್ನು, ಗಣಿಗೆ ಇಳಿದ ತಂದೆಯನ್ನು ನೆನೆಯುವ ಹಾಡು ಅದು. 2005ರಲ್ಲಿ ಗಾಯಕ ತೀರಿಕೊಂಡ ಮೇಲೆ ಅದನ್ನು ಇಲ್ಲಿ ಹಾಡುವುದು ಸಂಪ್ರದಾಯವಾಯಿತು. ಸ್ಕಾರ್ಫನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ತಲೆಯ ಮೇಲಕ್ಕೆ ಎತ್ತುತ್ತಾರೆ. ಧ್ವನಿವರ್ಧಕದ ಸಂಗೀತ ನಿಂತ ಮೇಲೂ ಜನರ ದನಿ ನಿಲ್ಲುವುದಿಲ್ಲ, ಕೆಲವೊಮ್ಮೆ ಆಟ ಮತ್ತೆ ಆರಂಭವಾದರೂ ಹಾಡು ನಡೆದೇ ಇರುತ್ತದೆ. ತಾತ ಗಣಿಯಲ್ಲಿ ದುಡಿದದ್ದನ್ನು ಕೇಳಿಯಷ್ಟೇ ಬಲ್ಲ ಹದಿಹರೆಯದವರೂ ಪ್ರತಿ ಸಾಲನ್ನು ಬಲ್ಲರು. ಪದ ಗೊತ್ತಿಲ್ಲದಿದ್ದರೆ ಎದ್ದುನಿಂತರೆ ಸಾಕು. ಆ ಹೊತ್ತಿನಲ್ಲಿ ಕೂತಿರುವುದು, ಫೋನಿನಲ್ಲಿ ಮಾತಾಡುವುದು ಪಕ್ಕದವರಿಗೆ ನೋವುಂಟುಮಾಡುತ್ತದೆ.

ಕೊನೆಯ ಸೀಟಿಯಾದ ಮೇಲೆ ಆತುರಪಡಬೇಡಿ. ಗೆದ್ದ ದಿನ ಆಟಗಾರರು ಮಾರೆಕ್‌ನ ಮುಂದೆ ಬಂದು ಅಭಿಮಾನಿಗಳೊಂದಿಗೆ ಸಂಭ್ರಮಿಸುವುದನ್ನು ನೋಡಿಕೊಂಡು ಹೊರಟರೆ ಗೇಟುಗಳ ನೂಕುನುಗ್ಗಲೂ ಇಳಿದಿರುತ್ತದೆ.

ಮರುದಿನ

ರಾತ್ರಿ ಉಳಿದವರಿಗೆ ಬೆಳಗಿನ ಅರ್ಧ ದಿನ ಸಿಗುತ್ತದೆ. ಲಾನ್ಸ್‌ನಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನವ್-ಶಪೆಲ್ ಗ್ರಾಮವಿದೆ. 1915ರ ಮಾರ್ಚಿನಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋರಾಡಿದ ಆ ಜಾಗದಲ್ಲಿ 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕದ ಗೋಡೆಯ ಮೇಲೆ, ಸಮಾಧಿಯೂ ಗೊತ್ತಿಲ್ಲದೆ ಹೋದ 4,700ಕ್ಕೂ ಹೆಚ್ಚು ಸೈನಿಕರ ಮತ್ತು ಸೇನೆಯ ಕೆಲಸಗಾರರ ಹೆಸರುಗಳಿವೆ. ಭಾರತದಿಂದ ಬಂದವರು ಇಷ್ಟು ಹತ್ತಿರ ಬಂದು ಅಲ್ಲಿಗೆ ಹೋಗದೆ ಮರಳಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ದಕ್ಷಿಣಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ವಿಮಿಯ ದಿಬ್ಬದ ಮೇಲೆ ಕೆನಡಾದ ಬಿಳಿಯ ಸ್ಮಾರಕವಿದೆ. ಎರಡಕ್ಕೂ ಸಾರ್ವಜನಿಕ ಸಾರಿಗೆಯ ಅನುಕೂಲ ಅಷ್ಟಾಗಿಲ್ಲ. ಭಾನುವಾರವಂತೂ ಬಸ್ಸನ್ನು ನೆಚ್ಚಿಕೊಳ್ಳಬೇಡಿ, ಹಿಂದಿನ ದಿನವೇ ಟ್ಯಾಕ್ಸಿ ಗೊತ್ತುಮಾಡಿಕೊಂಡು ಮಧ್ಯಾಹ್ನದ ನಂತರದ ರೈಲಿಗೆ ಟಿಕೆಟ್ ಇಟ್ಟುಕೊಂಡರೆ ಎರಡನ್ನೂ ನಿಧಾನವಾಗಿ ನೋಡಬಹುದು.